ರವಿವಾರದ ಕಾಲ್ನಡಿಗೆ: ದಿನ್ನೆಯ ಎರಡು ಮಗ್ಗುಲು

ಹಳೆ ಹುಬ್ಬಳ್ಳಿಯ ವಾಚಕರೊಬ್ಬರು ನಮಗೊಂದು ಪತ್ರ ಬರೆದಿರುವರು. ಅವರ ಮನೆಯಲ್ಲಿ ಸ್ವಂತದ ಮೋಟಾರು ಇಲ್ಲ. ವಯಸ್ಸಾದ ತಾಯಿಯಿರುವರು, ಶಾಲೆಗೆ ಹೋಗುವ ಮಕ್ಕಳಿಬ್ಬರಿರುವರು. ರವಿವಾರ ಒಂದು ದಿನ ಹೊರಗೆ ಹೋಗಿಬರೋಣವೆಂದರೆ ಕೇಳಿದವರೆಲ್ಲರೂ ಜೋಗ, ಗೋಕರ್ಣ, ಬಾದಾಮಿಯೆಂದು ದೂರದ ಹೆಸರುಗಳನ್ನೇ ಹೇಳುತ್ತಾರಂತೆ. ‘ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟು, ನಾಲ್ಕು ಹೆಜ್ಜೆ ನಡೆದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವಂಥ ಜಾಗವು ನಮ್ಮ ಮಗ್ಗುಲಲ್ಲಿ ಒಂದೂ ಇಲ್ಲವೆ?’ ಎಂದು ಅವರು ಕೇಳಿರುವರು. ಈ ಅಂಕಣವನ್ನು ಓದುವ ಬಹು ಮಂದಿ ಗೃಹಸ್ಥರ ಸ್ಥಿತಿಯೂ ಇದೇ ಆಗಿರುವದರಿಂದ, ಈ ತಿಂಗಳ ಪುಟವನ್ನು ಅವರ ಪ್ರಶ್ನೆಗೇ ಮೀಸಲಿಟ್ಟಿರುವೆವು.

ಜಾಗವುಂಟು. ಅದರ ಮೇಲೆಯೇ ನಾವು ಮನೆ ಕಟ್ಟಿಕೊಂಡಿರುವದರಿಂದ ಅದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಧಾರವಾಡವು ಕುಳಿತಿರುವದು ಒಂದು ದಿನ್ನೆಯ ಬೆನ್ನಿನ ಮೇಲೆ. ಊರೊಳಗಿನ ಉಳವಿ ಚನ್ನಬಸವಣ್ಣನ ಗುಡಿಯ ಹತ್ತಿರ ನಿಂತುಕೊಂಡರೆ, ಆ ಗುಡಿಯಿಂದ ಪಡುವಲಿಗೆ ಬಿದ್ದ ಮಳೆಯು ಅರಬಿ ಸಮುದ್ರಕ್ಕೂ ಮೂಡಲಿಗೆ ಬಿದ್ದ ಮಳೆಯು ಬಂಗಾಲದ ಉಪಸಾಗರಕ್ಕೂ ಹೋಗಿ ಸೇರುವದೆಂದು ಹಿರಿಯರು ಹೇಳುತ್ತ ಬಂದಿರುವರು. ಇದು ಬರಿಯ ಕಥೆಯಲ್ಲ, ನೆಲದ ಇಳಿಜಾರನ್ನು ಅಳೆದವರೂ ಒಪ್ಪಿದ ಮಾತು. ಪಡುವಣ ನೀರು ಶಾಲ್ಮಲೆಯಾಗಿ ಹೊರಟು, ಕಲಘಟಗಿಯ ಸೀಮೆಯಲ್ಲಿ ಬೇಡ್ತಿಯನ್ನು ಕೂಡಿಕೊಂಡು, ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನ ಬಂಡೆಯಿಂದ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಕಡಲನ್ನು ಸೇರುವದು. ಮೂಡಣ ನೀರು ಹಳ್ಳಗಳನ್ನು ಹಿಡಿದು ಮಲಪ್ರಭೆಗೆ ಬಿದ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಆಂಧ್ರದ ತುದಿಯವರೆಗೆ ಪ್ರವಾಸ ಮಾಡುವದು. ಗುಡಿಯು ಅಳಿಯ ಚನ್ನಬಸವಣ್ಣನದು. ಅದರ ಮೂಡಲಿಗೆ ಬಿದ್ದ ಹನಿಯು ಸೋದರಮಾವ ಬಸವಣ್ಣನ ಐಕ್ಯಸ್ಥಳವನ್ನು ಹುಡುಕಿಕೊಂಡು ಹೋಗುವದು. ಯಾರೂ ಯೋಜಿಸಿ ಮಾಡಿದ್ದಲ್ಲವಾದರೂ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ!

ಈ ದಿನ್ನೆಯ ಎರಡು ಮಗ್ಗುಲಿಗೂ ಬಸ್ಸುಗಳು ಇಳಿದು ಹೋಗುತ್ತವೆ. ಒಂದು ರವಿವಾರ ಪಡುವಲಿಗೆ, ಇನ್ನೊಂದು ರವಿವಾರ ಮೂಡಲಿಗೆ ಹೋಗಿ ನಡೆದು ಬಂದರೆ, ಒಂದೇ ಊರಿನಲ್ಲಿದ್ದುಕೊಂಡು ಎರಡು ನಾಡುಗಳನ್ನು ಕಂಡಂತಾಗುವದು. ಧಾರವಾಡದ ಹೆಸರನ್ನು ದ್ವಾರವಾಟ ಎಂಬ ಶಬ್ದದಿಂದ ಬಂದುದೆಂದು ವಿವರಿಸುವರಷ್ಟೆ. ಮಲೆನಾಡಿಗೂ ಬಯಲುಸೀಮೆಗೂ ನಡುವಣ ಬಾಗಿಲೆಂಬ ಆ ಅರ್ಥವು ಶಾಸ್ತ್ರಸಮ್ಮತವೋ ಅಲ್ಲವೋ ಎಂಬದನ್ನು ಪಂಡಿತರಿಗೆ ಬಿಡೋಣ. ಕಾಲಿಗಂತೂ ಅದು ಸರಿಯಾಗಿ ತಿಳಿಯುವದು.

ಹೊರಡುವ ಮುಂಚೆ ಎರಡು ಮಾತು. ಮೊದಲನೆಯದು ದಿನದ ವಿಷಯ. ಪಂಚಾಂಗ ನೋಡುವವರು ನೋಡಲಿ. ಆದರೆ ನಮ್ಮ ಅವಳಿ ನಗರದಲ್ಲಿ ಅದಕ್ಕಿಂತ ಮುಖ್ಯವಾದ ಮುಹೂರ್ತವೊಂದುಂಟು. ನಳದ ನೀರು ಬರುವ ದಿನ ಮನೆ ಬಿಟ್ಟು ಹೋಗಕೂಡದು. 2008ರಿಂದ ಕೆಲವು ವಾರ್ಡುಗಳಿಗೆ ಹಗಲಿರುಳೂ ನೀರು ಹರಿಯುತ್ತಿದೆ, ಅವರು ಭಾಗ್ಯವಂತರು. ನಮ್ಮ ಓಣಿಯಂಥವುಗಳಲ್ಲಿ ಕೊಡಗಳು ಸಾಲಾಗಿ ಕುಳಿತು ಕಾಯುತ್ತವೆ; ಪಾಳಿ ತಪ್ಪಿತೆಂದರೆ ಮುಂದಿನ ಪಾಳಿಯವರೆಗೂ ಮನೆಯವರ ಮುಖ ನೋಡುವಂತಿಲ್ಲ. ಎರಡನೆಯದು ಖರ್ಚಿನ ವಿಷಯ. ಹುಬ್ಬಳ್ಳಿಯವರು 2018ರಿಂದ ಓಡುತ್ತಿರುವ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಂದರೆ ಸುಖ. ನಡುವಣ ದೂರ ಸುಮಾರು 22 ಕಿಲೋಮೀಟರು. ನಮ್ಮ ಬಯಲಿನಲ್ಲಿ ನೆಗೆದಾಡುವ ಕೃಷ್ಣಮೃಗದ ಹೆಸರನ್ನು ಬಸ್ಸಿಗೆ ಇಟ್ಟವರಿಗೆ ನಾವು ಮನಸಾರೆ ಧನ್ಯವಾದ ಹೇಳುವೆವು. ಮುಂದೆ ಹಳ್ಳಿಗಳಿಗೆ ಹೋಗುವ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ‘ಇಷ್ಟು ವರ್ಷ ಗಂಡಸರು ತಿರುಗಾಡಿದ್ದು ಸಾಕು’ ಎಂದು ನಮ್ಮ ತಾಯಿಯವರು ಆ ದಿನದಿಂದಲೇ ಚೀಲ ಹೊಲಿಸಿಕೊಂಡಿರುವರು.

ಮೊದಲು ಪಡುವಲಿಗೆ ಹೋಗೋಣ. ಧಾರವಾಡದಿಂದ ಕಲಘಟಗಿಯ ದಾರಿ ಹಿಡಿದ ಬಸ್ಸನ್ನು ಹತ್ತಿ ಸೋಮೇಶ್ವರದ ಹತ್ತಿರ ಇಳಿಯಬೇಕು. ನಡೆಯಲು ಹುಮ್ಮಸ್ಸುಳ್ಳವರು ಊರಿನಿಂದಲೇ ನಡೆದು ಬರಬಹುದು. ಬೆಳಗಿನ ಹೊತ್ತು ಕಷ್ಟವೇನೂ ಆಗದು. ಗಿಡಮರಗಳ ನೆರಳಿನಲ್ಲಿ ಪ್ರಾಚೀನವಾದ ಶಿವಾಲಯ; ಅಲ್ಲಿಯೇ ಶಾಲ್ಮಲೆಯ ಉಗಮ. ಹೊಳೆ ಹುಟ್ಟುವ ಸ್ಥಳವೆಂದು ಕೇಳಿ ಭೋರ್ಗರೆವ ನೀರನ್ನು ನಿರೀಕ್ಷಿಸಿ ಬರುವವರಿಗೆ ನಿರಾಶೆಯಾದೀತು. ಗುಡಿಯ ಹತ್ತಿರ ಒಂದು ಹೊಂಡ, ಅದರಾಚೆಗೆ ತಗ್ಗು. ಗುಪ್ತಗಾಮಿನಿಯೆಂದು ಊರವರು ಕರೆಯುವದು ಇದಕ್ಕಾಗಿಯೇ ಇರಬೇಕು: ಹುಟ್ಟಿದ್ದೇ ತಡ, ನೆಲದೊಳಗೆ ಅಡಗಿ ಹೋಗುವಳು. ದೊಡ್ಡ ಹೊಳೆಗಳ ಬಾಲ್ಯವೆಲ್ಲ ಹೀಗೆಯೇ ಇರುವದು. ಮಾಗೋಡಿನಲ್ಲಿ ಎದೆ ನಡುಗಿಸುವಂತೆ ಬೀಳುವ ನೀರು ಇಲ್ಲಿ ಒಂದು ತಂಬಿಗೆಯಲ್ಲಿ ಹಿಡಿಸುವಷ್ಟಿರುವದನ್ನು ಮಕ್ಕಳಿಗೆ ತೋರಿಸಬೇಕು.

ನಾವು ಹೋದ ದಿವಸ ನಮ್ಮೊಂದಿಗೆ ತಾಯಿಯವರೂ ತಂಗಿಯ ಮಗನೂ ಇದ್ದರು. ಹುಡುಗನಿಗೆ ಒಂಬತ್ತು ವರ್ಷ. ಎಲ್ಲದಕ್ಕೂ ಪ್ರಶ್ನೆ ಕೇಳುವ ವಯಸ್ಸು. ತಾಯಿಯವರು ಶಿವನಿಗೆ ಕೈಮುಗಿದು, ಹೊಂಡದ ನೀರನ್ನು ಕಣ್ಣಿಗೊತ್ತಿಕೊಂಡು, ಮನೆಯಿಂದ ತಂದ ಸಣ್ಣ ಶೀಶೆಯೊಂದನ್ನು ತುಂಬಿಕೊಂಡರು. ಹುಡುಗನು ಅದನ್ನು ನೋಡಿ, ‘ಅಜ್ಜಿ, ನಮ್ಮ ಮನೀ ನಳದಾಗ ಬರೂದು ಇದ ನೀರೇನು?’ ಎಂದು ಕೇಳಿದನು. ಅಲ್ಲವಪ್ಪ, ಅದು ಸವದತ್ತಿಯಿಂದ ಬರುವದು ಎಂದು ನಾವು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊಳೀ ನಮ್ಮ ಊರಾಗ ಹುಟ್ಟತದ, ನಾವು ಸವದತ್ತಿ ನೀರು ಕುಡೀತೇವಿ. ಯಾಕ ಮಾಮಾ?’ ಎಂದನು.

ಮಾಮನಿಗೆ ಕೂಡಲೆ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುವದೇ ಲೇಸು. ನಾವು ಆ ನೀರಿನಿಂದಲೇ ಬೆಳೆದವರು; ಅದು ಎಲ್ಲಿಂದ ಬರುವದೆಂಬ ಹೆಸರು ಮಾತ್ರ ಗೊತ್ತು, ದಾರಿ ಗೊತ್ತಿಲ್ಲ. ‘ಬರುವ ಪಾಳಿಗೆ ಆ ಕಡೆಗೂ ಹೋಗಿ ನೋಡೋಣ’ ಎಂದು ತಪ್ಪಿಸಿಕೊಂಡೆವು. ಹೀಗೆ ಮೂಡಲ ಪ್ರಯಾಣವು ಹುಡುಗನ ಪ್ರಶ್ನೆಯಿಂದ ಗೊತ್ತಾಯಿತೇ ಹೊರತು ನಮ್ಮ ವಿಚಾರದಿಂದಲ್ಲ.

ಸೋಮೇಶ್ವರದಿಂದ ಅದೇ ರಸ್ತೆಯಲ್ಲಿ ಮುಂದೆ ನಡೆದರೆ ನುಗ್ಗಿಕೇರಿ. ಅಲ್ಲಿಯ ಹನುಮಪ್ಪನನ್ನು ವ್ಯಾಸರಾಯರು ಪ್ರತಿಷ್ಠಿಸಿದರೆಂದು ಭಕ್ತರ ನಂಬಿಕೆ. ಶನಿವಾರ ಕಾಲಿಡಲು ಸ್ಥಳವಿರದು, ಆದ್ದರಿಂದ ರವಿವಾರವೇ ಮೇಲು. ಗುಡಿಯ ಮಗ್ಗುಲಿಗೆ ಕೆರೆ. ಆ ದಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು: ಕಡಕ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಮಂಗಗಳ ಉಪದ್ರವವುಂಟು, ಗಂಟನ್ನು ಕೈಯೊಳಗೇ ಇಟ್ಟುಕೊಂಡಿರಬೇಕು. ಈ ಹಾದಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕಾಗಿದೆ. ನುಗ್ಗಿಕೇರಿಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯ ಬಾಯಿಪಾಸು ಅಡ್ಡ ಬರುವದು. ಅಲ್ಲಿ ವಾಹನಗಳ ವೇಗವು ಭಯಂಕರವಾದುದು. ಅಪಘಾತಗಳಿಂದ ಆ ರಸ್ತೆಗೆ ಕೆಟ್ಟ ಹೆಸರು ಬಂದಿದೆ. ಮಕ್ಕಳ ಕೈ ಬಿಡದೆ ದಾಟಬೇಕು. ಮುದುಕರಿದ್ದರೆ ಸೋಮೇಶ್ವರದಿಂದ ಮತ್ತೆ ಬಸ್ಸು ಹತ್ತಿ ಬರುವದರಲ್ಲಿ ಅವಮಾನವೇನೂ ಇಲ್ಲ.

ಈ ಮಗ್ಗುಲಿನ ಮಣ್ಣು ಕೆಂಪು. ದಾರಿಯುದ್ದಕ್ಕೂ ಮಾವಿನ ತೋಟಗಳು, ಪೇರಲದ ತೋಟಗಳು. ನಾವು ಹೋದಾಗ ಮಾವು ಆಗತಾನೆ ಹೂ ಬಿಡಲು ತೊಡಗಿತ್ತು. ಆಪೂಸಿನ ಗಿಡಗಳ ಕೆಳಗೆ ನಿಂತರೆ ಜೇನಿನ ಗುಂಯ್‌ಗುಟ್ಟುವಿಕೆ. ಇನ್ನೂ ಮುಂದೆ ಕಲಘಟಗಿಯವರೆಗೆ ಬಸ್ಸಿನಲ್ಲಿ ಹೋದರೆ ಭತ್ತದ ಗದ್ದೆಗಳು ಕಾಣತೊಡಗಿ, ನಾವು ಮಲೆನಾಡಿನ ಸೆರಗಿನಲ್ಲಿರುವೆವೆಂದು ಖಾತ್ರಿಯಾಗುವದು. ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಚಿತ್ರಗಾರರ ಮನೆಯಲ್ಲಿ ನೋಡದೆ ತಿರುಗಿ ಬರಬಾರದು. ಮನೆಯಲ್ಲಿ ಬಸುರಿಯಿದ್ದರೆ ನೋಡಿದ ಮೇಲೆ ಕೈ ಬಿಗಿಹಿಡಿಯುವದು ಕಷ್ಟವೆಂದು ಮಾತ್ರ ಮೊದಲೇ ತಿಳಿಸಿಬಿಡುವೆವು.

ಶಾಲ್ಮಲೆಯ ವಿಷಯದಲ್ಲಿ ಮನಸ್ಸಿಗೆ ನೋವಾದ ಸಂಗತಿಯೊಂದನ್ನು ಮುಚ್ಚಿಡಲಾರೆವು. ಹೊಂಡದ ಹತ್ತಿರ ಪೂಜೆಗೆ ತಂದ ಪ್ಲಾಸ್ಟಿಕ್ಕಿನ ಚೀಲಗಳನ್ನು ಜನರು ಅಲ್ಲಿಯೇ ಬಿಸಾಡಿ ಹೋಗಿದ್ದರು. ತಗ್ಗಿನಲ್ಲಿ ಇಳಿದು ಹೋಗುತ್ತಿದ್ದ ನೀರಿಗೆ ಬಚ್ಚಲಿನ ವಾಸನೆಯಿತ್ತು. ನದಿಯ ಹೆಸರನ್ನು ಮಕ್ಕಳಿಗೆ ಇಡುವೆವು, ನದಿಯ ಹೆಸರಿನಿಂದ ಬಡಾವಣೆ ಕಟ್ಟುವೆವು. ನದಿಯೊಳಗೆ ಮಾತ್ರ ಹಾಲಿನ ಚೀಲ ಬಿಸಾಡುವೆವು. ಹುಡುಗನು ನಾಲ್ಕಾರು ಚೀಲಗಳನ್ನು ಆರಿಸಿ ತಂದನು. ಅವನನ್ನು ಹೊಗಳುವದಕ್ಕೆ ಮುಂಚೆ, ನಾವೇಕೆ ಆರಿಸಲಿಲ್ಲವೆಂದು ನಮ್ಮ ಮನಸ್ಸು ನಮ್ಮನ್ನು ಕೇಳಿತು.

ಈಗ ಮೂಡಲ ಮಗ್ಗುಲು. ಎರಡು ವಾರ ಬಿಟ್ಟು, ಬನದ ಹುಣ್ಣಿಮೆಯ ಸುಮಾರಿಗೆ, ನಾವು ಸವದತ್ತಿಯ ದಾರಿಯಲ್ಲಿರುವ ಅಮ್ಮಿನಭಾವಿಗೆ ಹೊರಟೆವು. ಧಾರವಾಡದಿಂದ ಸುಮಾರು 10 ಕಿಲೋಮೀಟರು, ಬಸ್ಸುಗಳಿಗೆ ಕೊರತೆಯಿಲ್ಲ. ಊರು ಬಿಟ್ಟು ಅಷ್ಟು ದೂರ ಹೋಗುವದರೊಳಗೇ ಮಣ್ಣಿನ ಬಣ್ಣ ತಿರುಗಿ, ಕೆಂಪು ಹೋಗಿ ಕಪ್ಪು ಬಂದಿರುವದು. ಮರಗಳು ವಿರಳವಾಗಿ ಆಕಾಶವು ದೊಡ್ಡದಾಗುವದು. ಬಿಳಿಜೋಳ, ಕಡಲೆ, ಕುಸುಬೆ, ಗೋದಿ, ಹತ್ತಿ: ಹಿಂಗಾರಿಯ ಬೆಳೆಗಳೆಲ್ಲ ಒಂದರ ಮಗ್ಗುಲಿಗೊಂದು ಹಾಸಿಕೊಂಡಿದ್ದವು. ಮೊದಲ ದಿನ ತೋಟದೊಳಗೆ ನಡೆದವರಿಗೆ ಈ ಬಯಲು ಬೇರೆ ದೇಶವೆಂದೇ ತೋರುವದು.

ಆ ದಿನ ದಾರಿಯ ತುಂಬ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನ. ಚಕ್ಕಡಿಗಳು, ಟ್ರ್ಯಾಕ್ಟರುಗಳು, ಬರಿಗಾಲಿನಲ್ಲಿ ನಡೆಯುವವರು. ‘ಉಧೋ ಉಧೋ’ ಎಂಬ ಕೂಗು ಹೊಲದಾಚೆಯಿಂದಲೂ ಕೇಳಿಸುತ್ತಿತ್ತು. ತಾಯಿಯವರು ಈ ಸಲವೂ ಬಂದದ್ದು ಇವರನ್ನು ನೋಡುವದಕ್ಕಾಗಿಯೇ. ನಾವು ಬಸ್ಸಿನಿಂದಿಳಿದು ಹವ್ಯಾಸಕ್ಕೆ ನಡೆಯುವವರು. ಅವರಾದರೋ ನಾಲ್ಕು ದಿನದ ಹಿಟ್ಟು ಹೊತ್ತುಕೊಂಡು ಹರಕೆಗೆ ನಡೆಯುವವರು. ನಮ್ಮ ನಾಡಿನಲ್ಲಿ ಕಾಲ್ನಡಿಗೆಯೆಂಬದು ಇಂಗ್ಲಿಷರಿಂದ ಕಲಿತ ವಿದ್ಯೆಯಲ್ಲವೆಂಬದಕ್ಕೆ ಬೇರೆ ಪುರಾವೆ ಬೇಕಾಗಿಲ್ಲ. ಮೂಡಲಿಗೆ ಎಲ್ಲಮ್ಮ, ಪಡುವಲಿಗೆ ಉಳವಿ. ಭಾರತ ಹುಣ್ಣಿಮೆಯ ಹೊತ್ತಿಗೆ ಇದೇ ಸೀಮೆಯ ಚಕ್ಕಡಿಗಳು ಉಳವಿಯ ಕಾಡಿಗೆ ಮುಖ ತಿರುಗಿಸುವವು. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವ ಒಕ್ಕಲುಮಕ್ಕಳ ಸಡಗರವೂ ನಡಿಗೆಯದೇ.

ಅಮ್ಮಿನಭಾವಿ ಹಳೆಯ ಊರು. ಪಂಚಗೃಹ ಹಿರೇಮಠವೂ ಹಳೆಯ ಜೈನ ಬಸದಿಯೂ ಅಲ್ಲಿವೆ. ಎರಡನ್ನೂ ಸಾವಕಾಶವಾಗಿ ನೋಡಬಹುದು. ಆದರೆ ನಮ್ಮ ಹುಡುಗನಿಗೆ ಬೇಕಾದದ್ದು ನೀರಿನ ದಾರಿ. ಅದೂ ಇದೇ ಊರಿನಲ್ಲಿರುವದು. ಮಲಪ್ರಭೆಯು ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಬಂದು ಸವದತ್ತಿಯ ಹತ್ತಿರ ನವಿಲುತೀರ್ಥದ ಕಟ್ಟೆಯೊಳಗೆ ನಿಲ್ಲುವಳು. ಅಲ್ಲಿಂದ ನೀರನ್ನು ಯಂತ್ರಗಳಿಂದ ಎತ್ತಿ ದೊಡ್ಡ ಕೊಳವೆಗಳೊಳಗೆ ಅಮ್ಮಿನಭಾವಿಯ ಶುದ್ಧೀಕರಣದ ಸ್ಥಾವರಕ್ಕೆ ತಂದು, ತಿಳಿಯಾಗಿಸಿ, ಮತ್ತೆ ಮೇಲಕ್ಕೆ ಅವಳಿ ನಗರಕ್ಕೆ ಒಯ್ಯುವರು. ದಿನ್ನೆಯ ಮೂಡಲಿಗೆ ಬಿದ್ದ ಮಳೆಯು ಇಳಿದು ಹೋಗುವದು ಮಲಪ್ರಭೆಯ ಕಡೆಗೆ; ಅದೇ ಮಲಪ್ರಭೆಯನ್ನು ನಾವು ದಿನ್ನೆ ಹತ್ತಿಸಿ ಕರೆತರುತ್ತಿರುವೆವು. ಇದನ್ನು ರಸ್ತೆಯ ಬದಿಗೆ ನಿಂತು, ಒಂದು ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು ಹುಡುಗನಿಗೆ ತೋರಿಸಿದೆವು. ‘ಹಂಗಾರ ನೀರಿಗೂ ಬಸ್ ಅದ’ ಎಂದು ಅವನು ಅರ್ಥ ಮಾಡಿಕೊಂಡನು.

ಹಿಂದೆ ಹೀಗಿರಲಿಲ್ಲ. ಹುಬ್ಬಳ್ಳಿಗೆ ಉಣಕಲ್ಲಿನ ಕೆರೆ, ಧಾರವಾಡಕ್ಕೆ ಕೆಲಗೇರಿಯ ಕೆರೆ ನೀರು ಕೊಟ್ಟ ಕಾಲವೊಂದಿತ್ತು. ಜನ ಹೆಚ್ಚಿದ ಮೇಲೆ ಹುಬ್ಬಳ್ಳಿಗಾಗಿ 1955ರಲ್ಲಿ ಬೇಡ್ತಿಯ ಹರಿವಿಗೆ ನೀರಸಾಗರವನ್ನು ಕಟ್ಟಿದರು. ಅದು ಪಡುವಣ ಮಗ್ಗುಲಿನ ನೀರು. 2016–17ರ ಬರದಲ್ಲಿ ನೀರಸಾಗರ ಬತ್ತಿ ತಳ ಕಂಡಿತು. ಮೊದಲು ಊರ ಕೆರೆ, ಆಮೇಲೆ ಮಗ್ಗುಲ ಹಳ್ಳ, ಆಮೇಲೆ ದೂರದ ಹೊಳೆ. ಹೀಗೆ ನಮ್ಮ ಕೊಡವು ಒಂದೊಂದೇ ಹೆಜ್ಜೆ ಮನೆಯಿಂದ ದೂರ ಹೋಗುತ್ತ ಬಂದಿದೆ. ಮಲಪ್ರಭೆಯಲ್ಲಿಯೂ ನೀರು ಸಾಲದೆಂದು ಖಾನಾಪುರದ ಕಾಡಿನ ಕಳಸಾ, ಬಂಡೂರಿ ಹಳ್ಳಗಳ ಪಡುವಣ ನೀರನ್ನು ಮೂಡಲಿಗೆ ತಿರುಗಿಸಬೇಕೆಂಬದು ಈ ಸೀಮೆಯ ಬಹುಕಾಲದ ಬೇಡಿಕೆ. ನರಗುಂದ, ನವಲಗುಂದಗಳ ರೈತರು 2015ರಲ್ಲಿ ಅದಕ್ಕಾಗಿ ಧರಣಿ ಹೂಡಿದರು; 2018ರ ಆಗಸ್ಟಿನಲ್ಲಿ ಮಹಾದಾಯಿ ನ್ಯಾಯಮಂಡಳಿಯ ತೀರ್ಪೂ ಬಂದಿತು. ಅದರ ನ್ಯಾಯಾನ್ಯಾಯಗಳನ್ನು ತೂಗುವದು ಈ ಪುಟದ ಕೆಲಸವಲ್ಲ. ಹನಿಯೊಂದು ದಿನ್ನೆಯ ಯಾವ ಮಗ್ಗುಲಿಗೆ ಬೀಳುವದೆಂಬ ಮಾತು ಭೂಗೋಲದ ಪಾಠದೊಳಗೆ ಮಾತ್ರ ಉಳಿದಿಲ್ಲವೆಂದು ತೋರಿಸುವದಕ್ಕಾಗಿ ಇಷ್ಟನ್ನು ಬರೆದೆವು.

ಊರಿನಿಂದ ಹೊಲಗಳ ನಡುವೆ ಒಂದು ಹಳೆಯ ಬಂಡಿದಾರಿಯುಂಟೆಂದು ಕೇಳಿ ಅದನ್ನು ಹಿಡಿದು ಹೊರಟೆವು. ಆಗಲೇ ನಮ್ಮ ಫಜೀತಿ ಸುರುವಾದದ್ದು. ಅರ್ಧ ಮೈಲು ಚೆನ್ನಾಗಿದ್ದ ದಾರಿಯು ಒಂದು ಹೊಲದ ತಲೆಯಲ್ಲಿ ಕಾಲುದಾರಿಯಾಯಿತು. ಇನ್ನೂ ಸ್ವಲ್ಪ ಮುಂದೆ ಬದುವಾಯಿತು. ಬದುವು ಜೋಳದೊಳಗೆ ಕಾಣದಾಯಿತು. ಕೊಳವೆಬಾವಿಯಿಂದ ನೀರು ಹಾಯಿಸಿದ ಹೊಲವೊಂದರಲ್ಲಿ ತಿಳಿಯದೆ ಕಾಲಿಟ್ಟು, ತಾಯಿಯವರ ಚಪ್ಪಲಿಗಳೆರಡೂ ಎರೆಮಣ್ಣಿನೊಳಗೆ ಹೂತುಹೋದವು. ಎರೆಯ ರಾಡಿಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ: ಅದು ಕಾಲನ್ನು ಬಿಡುವದಿಲ್ಲ, ಬಿಟ್ಟರೆ ಚಪ್ಪಲಿಯನ್ನು ಬಿಡುವದಿಲ್ಲ. ಹುಡುಗನು ಚಪ್ಪಲಿ ಕೀಳುವದಕ್ಕೆ ಹೋಗಿ ತಾನೂ ಮೊಣಕಾಲವರೆಗೆ ಕರಿಯನಾದನು.

ಆ ಹೊಲದ ಯಜಮಾನರು ನಮ್ಮ ಅವಸ್ಥೆಯನ್ನು ನೋಡಿ ಬಂದರು. ಎಪ್ಪತ್ತರ ಮೇಲಿನ ವಯಸ್ಸು. ಬೈಯುವರೆಂದು ಅಂಜಿದ್ದೆವು, ಅವರು ತಾಯಿಯವರನ್ನು ಬದುವಿನ ಮೇಲೆ ಕೂಡ್ರಿಸಿ, ಕಾಲಿಗೆ ನೀರು ಕೊಟ್ಟು, ‘ಯಾವೂರ್ರಿ ಯವ್ವಾ, ಇತ್ತಾಗ ಯಾಕ ಬಂದ್ರಿ?’ ಎಂದು ವಿಚಾರಿಸಿದರು. ಬಂಡಿದಾರಿಯನ್ನು ಹುಡುಕುತ್ತಿರುವೆವೆಂದಾಗ ಅವರಿಗೆ ನಗು ಬಂದಿತು.

‘ನೀವು ಕುಂತದ್ದ ದಾರೀರಿ. ನಮ್ಮಪ್ಪನ ಕಾಲದಾಗ ಎರಡು ಚಕ್ಕಡಿ ಎದರಾಬದರ ದಾಟತಿದ್ದೂವು. ಆ ಕಡೆಯಾಂವ ವರ್ಷಕ್ಕೊಂದು ಸಾಲ ಒಳಗ ಹೊಡದಾ, ಈ ಕಡೆಯಾಂವ ನಾನೂ ಹೊಡದೆ, ಸುಳ್ಳ ಯಾಕ ಹೇಳ್ಲಿ. ಈಗ ಎತ್ತು ಒಂದರ ಹಿಂದ ಒಂದ ಹೋಗಬೇಕು.’

ಯಾರೂ ತಕರಾರು ಮಾಡಲಿಲ್ಲವೆ ಎಂದು ಕೇಳಿದೆವು. ‘ನಡಿಯೋರಿದ್ರ ಮಾಡ್ತಿದ್ರು. ಎಲ್ಲಾರೂ ಗಾಡಿ ಮ್ಯಾಲ ಡಾಂಬರ ರೋಡ ಹಿಡದ ಹೊಂಟಾರ. ನಕಾಶೆದಾಗ ಮಾತ್ರ ದಾರಿ ಐತಿ ನೋಡ್ರಿ’ ಎಂದರು. ಬಳಿಕ ತಮ್ಮ ಮೊಮ್ಮಗನ ಮಕ್ಕಳನ್ನು ಕರೆದು ಸುಲಗಾಯಿ ಕೀಳಿಸಿ, ಎಳೆ ತೆನೆಗಳನ್ನು ಸುಟ್ಟು ಸೀತನಿ ಮಾಡಿಸಿ ಕೊಟ್ಟರು. ಬೆಲ್ಲದ ಚೂರಿನೊಂದಿಗೆ ಬಿಸಿ ಸೀತನಿಯನ್ನು ಅಂಗೈಯಿಂದಲೇ ಬಾಯಿಗೆ ಹಾಕಿಕೊಂಡ ಆ ಗಳಿಗೆಗೆ ಯಾವ ಖಾನಾವಳಿಯ ಊಟವೂ ಸಾಟಿಯಾಗದು. ದುಡ್ಡಿನ ಮಾತೆತ್ತಿದ್ದಕ್ಕೆ ಮಾತ್ರ ಸ್ವಲ್ಪ ಬೈಸಿಕೊಂಡೆವು.

ಆ ಯಜಮಾನರ ಮಾತನ್ನು ನಾವು ಬಹಳ ಹೊತ್ತು ಯೋಚಿಸಿದೆವು. ಪ್ರತಿಯೊಂದು ಗ್ರಾಮದ ಸರ್ವೆ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗೆರೆಗಳಿಂದ ತೋರಿಸಿರುವರು. ‘ನಕಾಶೆ ಕಂಡ ದಾರಿ’ ಎಂದು ಹಳ್ಳಿಯವರು ಅನ್ನುವದು ಇದಕ್ಕೇ. ಅಂಥ ದಾರಿಯು ಎಲ್ಲರದು. ಅದನ್ನು ಯಾವ ಹೊಲದವನೂ ತನ್ನದೆನ್ನುವಂತಿಲ್ಲ. ಆದರೆ ನಡುವೆ ಹೊಸ ಬಡಾವಣೆಯ ಕಲ್ಲುಗಳು ಬಿದ್ದ ಮೇಲೆ, ತಂತಿಯ ಬೇಲಿ ಎದ್ದ ಮೇಲೆ, ಇಲ್ಲಿ ದಾರಿಯಿತ್ತೆಂದು ಸಾಕ್ಷಿ ಹೇಳಲು ಆ ಮುದುಕರಂಥವರು ಎಷ್ಟು ದಿನ ಇರುವರು? ನಕಾಶೆಗಳು ಈಗ ಅಂತರ್ಜಾಲದಲ್ಲಿಯೂ ಸಿಕ್ಕುವವು. ಹೋಗುವ ಊರಿನ ನಕಾಶೆಯನ್ನು ಮುದ್ರಿಸಿಕೊಂಡು ಜೊತೆಗೊಯ್ಯುವದು ಉತ್ತಮ. ನಾವು ಒಯ್ದಿದ್ದರೆ ಚಪ್ಪಲಿಗಳಾದರೂ ಉಳಿಯುತ್ತಿದ್ದವು. ಬೆಳೆ ನಿಂತ ಹೊಲದೊಳಗೆ ನಕಾಶೆ ಹಿಡಿದು ಜಗಳಕ್ಕೆ ಹೋಗಬಾರದೆಂಬದು ಬೇರೆ ಮಾತು. ಬದುವಿನ ಮೇಲೆ ನಡೆದು, ಎದುರಿಗೆ ಬಂದವರಿಗೆ ನಮಸ್ಕಾರ ಹೇಳಿ ದಾರಿ ಕೇಳಿದರೆ ಸಾಕು.

ಈ ಮಗ್ಗುಲಿನ ಹಳ್ಳಗಳ ಹೆಸರುಗಳು ಬಹಳ ಸೊಗಸು: ತುಪ್ಪರಿಹಳ್ಳ, ಬೆಣ್ಣಿಹಳ್ಳ. ಬೇಸಿಗೆಯಲ್ಲಿ ನೋಡಿದರೆ ಬೆಣ್ಣೆಯೂ ಇಲ್ಲ, ತುಪ್ಪವೂ ಇಲ್ಲ, ಬರಿಯ ಉಸುಕು. ಆದರೆ 2019ರ ಆಗಸ್ಟಿನಲ್ಲಿ ಇವೆರಡೂ ಮೈದುಂಬಿ ಬಂದು ಊರೂರುಗಳನ್ನು ಸುತ್ತುಗಟ್ಟಿದವು. ಇದೇ ಸವದತ್ತಿಯ ದಾರಿಯಲ್ಲಿ ಹಾರೋಬೆಳವಡಿಯ ಹತ್ತಿರ ತುಪ್ಪರಿಹಳ್ಳವು ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಆದ್ದರಿಂದ ಮೂಡಲ ನಡಿಗೆಗೆ ಮಳೆಗಾಲ ಬೇಡ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಸುಖ. ಪಡುವಲಿಗಾದರೆ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ನಡೆಯುವದೇ ಚೆಂದ.

ಇಡೀ ದಿನ ಬಿಡುವಿಲ್ಲದವರು ಏನು ಮಾಡಬೇಕು? ಹುಬ್ಬಳ್ಳಿಯವರು ಉಣಕಲ್ಲಿನಲ್ಲಿ ಇಳಿದು, ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರನ ಗುಡಿಯನ್ನು ನೋಡಿ ಕೆರೆಯ ದಂಡೆಗೆ ಬರಬಹುದು. ಧಾರವಾಡದವರಿಗೆ ಸಾಧನಕೇರಿ ಇದ್ದೇ ಇದೆ. ಬೇಂದ್ರೆಯವರು ಆ ಕೆರೆಯ ಎದುರಿಗೆ ಬಾಳಿದರು. ಅವರೂ ಅವರ ಗೆಳೆಯರ ಗುಂಪಿನವರೂ ಅತ್ತಿಕೊಳ್ಳದಲ್ಲಿ ಕೂಡಿ ಕುಳಿತು ಸಾಹಿತ್ಯದ ಮಾತನಾಡುತ್ತಿದ್ದರು. ಆ ಮಾತುಗಳಿಗೆ ಹೋಗಲು ಬರಲು ಅವರಾರಿಗೂ ಮೋಟಾರು ಬೇಕಾಗಿರಲಿಲ್ಲ. ಇನ್ನು ಶಾಸನಪ್ರಿಯರಿಗೆ ನರೇಂದ್ರವು ಹೇಳಿ ಮಾಡಿಸಿದ ಊರು. ಗೋವೆಯ ಕದಂಬರ ಕಾಲದಲ್ಲಿ ಅದರ ಹೆಸರು ಕುಂದೂರು, ಐನೂರು ಹಳ್ಳಿಗಳ ನಾಡಿಗೆ ಮುಖ್ಯಸ್ಥಳ. ಇಮ್ಮಡಿ ಜಯಕೇಶಿಯೂ ಅವನ ರಾಣಿ, ಚಾಲುಕ್ಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯೂ ಅಲ್ಲಿಯ ಶಾಸನಗಳಲ್ಲಿ ಕಾಣಿಸಿಕೊಳ್ಳುವರು. ಬರುವ ತಿಂಗಳು ಅಲ್ಲಿಗೆ ಹೋಗುವ ವಿಚಾರವಿದೆ. ಈ ಸಲ ನಕಾಶೆಯೊಂದಿಗೆ.

ತಿರುಗಿ ಬರುವ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರರಲ್ಲಿ ಕೇಳಿಟ್ಟುಕೊಳ್ಳಬೇಕು. ನಾವು ಕೇಳಿರಲಿಲ್ಲ; ಅಮ್ಮಿನಭಾವಿಯ ಕಟ್ಟೆಯ ಮೇಲೆ ಒಂದು ತಾಸು ಕುಳಿತೆವು. ಬಂದ ಬಸ್ಸುಗಳೆಲ್ಲ ಎಲ್ಲಮ್ಮನ ಭಕ್ತರಿಂದ ತುಂಬಿದ್ದವು. ಕೊನೆಗೆ ಒಂದರಲ್ಲಿ ನಿಲ್ಲಲು ಸ್ಥಳ ಸಿಕ್ಕಿತು. ರಾಡಿಯ ಬರಿಗಾಲಿನ ತಾಯಿಯವರನ್ನು ನೋಡಿ, ಅವರೂ ಹರಕೆ ತೀರಿಸಿ ಬಂದವರೆಂದು ತಿಳಿದು, ಒಬ್ಬ ತರುಣಿ ಎದ್ದು ಜಾಗ ಕೊಟ್ಟಳು. ತಾಯಿಯವರು ಅವಳ ತಪ್ಪು ತಿಳಿವಳಿಕೆಯನ್ನು ತಿದ್ದುವ ಗೊಡವೆಗೆ ಹೋಗಲಿಲ್ಲ.

ಮರುದಿನ ನಸುಕಿನಲ್ಲಿ ನಮ್ಮ ಓಣಿಗೆ ನೀರು ಬಂದಿತು. ನಳವು ಮೊದಲು ಗಾಳಿ ಉಗುಳಿ, ಆಮೇಲೆ ಸ್ವಲ್ಪ ಕೆಂಪಗೆ ಹರಿದು, ತಿಳಿಯಾಯಿತು. ಹುಡುಗನು ಎಲ್ಲರಿಗಿಂತ ಮುಂಚೆ ಎದ್ದು ಹೋಗಿ, ಓಣಿಯವರಿಗೆಲ್ಲ ಕೇಳಿಸುವಂತೆ, ‘ಮಲಪ್ರಭಾ ಬಂದ್ಲು, ಅಮ್ಮಿನಭಾವಿ ಮ್ಯಾಲೆ ಹಾದು ಬಂದ್ಲು’ ಎಂದು ಕೂಗಿದನು. ಕೊಡಗಳು ತುಂಬಿದವು, ಹಂಡೆ ತುಂಬಿತು, ಮೇಲಿನ ಟಾಕಿಯೂ ಅರ್ಧ ತುಂಬಿತು. ತಾಯಿಯವರು ಮಾತ್ರ ದೇವರ ತಂಬಿಗೆಗೆ ಸೋಮೇಶ್ವರದಿಂದ ತಂದ ಶೀಶೆಯ ನೀರನ್ನೇ ಬಗ್ಗಿಸಿ, ಖಾಲಿಯಾದ ಶೀಶೆಯನ್ನು ತೊಳೆದು ಮತ್ತೆ ಚೀಲದಲ್ಲಿಟ್ಟುಕೊಂಡರು.